ಶ್ರಾವಕನು ಯುದ್ಧಸ್ಮಾರಕದ ಮುಂದೆ ನಿಲ್ಲಬಹುದೇ?

ಚಳಿಗಾಲದ ರಜೆ ಬಂತೆಂದರೆ ಜನಕಪುರಿಯ ಕನ್ನಡ ಜೈನ ಮನೆಗಳಿಗೆ ಊರಿನ ನೆಂಟರು ಬರುತ್ತಾರೆ. ಮೂಡುಬಿದಿರೆ, ಕಾರ್ಕಳ, ಬೆಳಗಾವಿ, ಹುಬ್ಬಳ್ಳಿಗಳಿಂದ ಬಂದವರಿಗೆ ತೋರಿಸುವ ಸ್ಥಳಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿಯೂ ಒಂದೇ: ಚಾಂದನಿ ಚೌಕದ ಲಾಲ್ ಮಂದಿರ ಮತ್ತು ಅದರ ಹಕ್ಕಿಗಳ ಆಸ್ಪತ್ರೆ, ಮೆಹ್ರೌಲಿಯ ಅಹಿಂಸಾ ಸ್ಥಳ, ಒಂದು ದಿನದ ಹಸ್ತಿನಾಪುರ ಯಾತ್ರೆ. ಇಂಡಿಯಾ ಗೇಟಿಗೂ ಅದರ ಹಿಂದಿರುವ ರಾಷ್ಟ್ರೀಯ ಯುದ್ಧಸ್ಮಾರಕಕ್ಕೂ ಹೋಗುವುದುಂಟು. ಆದರೆ ಅದು ಸಂಜೆಯ ವಿಹಾರದ ಲೆಕ್ಕ. ನಾಲ್ಕು ಚಿತ್ರ ತೆಗೆದು, ಮಕ್ಕಳಿಗೆ ಬಲೂನು ಕೊಡಿಸಿ, ರಾತ್ರಿ ಭೋಜನದ ತ್ಯಾಗವಿರುವವರು ಸೂರ್ಯಾಸ್ತದೊಳಗೆ ಮನೆ ಸೇರುವ ಅವಸರದಲ್ಲಿ ಹಿಂದಿರುಗುತ್ತಾರೆ.

ಈ ಅವಸರದ ಹಿಂದೆ ಸಮಾಜದೊಳಗಿನ ಎರಡು ಅಭಿಪ್ರಾಯಗಳು ಕೆಲಸ ಮಾಡುತ್ತಿವೆ. ಅಹಿಂಸೆಯನ್ನು ಪರಮಧರ್ಮವೆನ್ನುವವರಿಗೆ ಯುದ್ಧದ ಕಲ್ಲುಗಳ ಮುಂದೆ ಏನು ಕೆಲಸ ಎಂಬುದು ಹಿರಿಯರಲ್ಲಿ ಹಲವರ ಮಾತು. ಸಮಾಜದ ವತಿಯಿಂದಲೇ ಬಸ್ಸು ಮಾಡಿ, ಬ್ಯಾನರು ಕಟ್ಟಿ, ಘೋಷಣೆ ಕೂಗಿ, ದೇಶಭಕ್ತಿಯಲ್ಲಿ ನಾವು ಯಾರಿಗೂ ಕಡಿಮೆಯಿಲ್ಲವೆಂದು ತೋರಿಸಬೇಕು ಎಂಬುದು ಕಿರಿಯರಲ್ಲಿ ಹಲವರ ಆಗ್ರಹ. ಮೊದಲನೆಯದು ಧರ್ಮದ ಹೆಸರಿನಲ್ಲಿ ಋಣವನ್ನು ಮರೆಯುತ್ತದೆ. ಎರಡನೆಯದು ಋಣದ ಹೆಸರಿನಲ್ಲಿ ಧರ್ಮವನ್ನು ಮರೆಯುತ್ತದೆ. ಜೈನ ಶ್ರಾವಕನು ಈ ಸ್ಮಾರಕಗಳಿಗೆ ಹೋಗಲೇಬೇಕು, ಆದರೆ ಜೈನನಾಗಿಯೇ ಹೋಗಬೇಕು ಎಂಬ ಮೂರನೆಯ ನಿಲುವಿಗೆ ಆಗಮದ ಆಧಾರವೂ ಇದೆ, ಕನ್ನಡ ನಾಡಿನ ಶಾಸನಗಳ ಆಧಾರವೂ ಇದೆ.

ದಂಡಿಗೂ ಜೈನರಿಗೂ ಸಂಬಂಧವಿಲ್ಲವೆಂಬ ಮಾತು ದೆಹಲಿಯಲ್ಲೇ ನಿಲ್ಲುವುದಿಲ್ಲ. ನೆಂಟರನ್ನು ಮೊದಲು ಕರೆದೊಯ್ಯುವ ಲಾಲ್ ಮಂದಿರದ ಹಳೆಯ ಹೆಸರುಗಳು ಉರ್ದೂ ಮಂದಿರ, ಲಷ್ಕರೀ ಮಂದಿರ. ಎರಡರ ಅರ್ಥವೂ ದಂಡಿನ ಬಸದಿ ಎಂದೇ. ಶಹಜಹಾನನ ಕಾಲದಲ್ಲಿ ಮೊಗಲ್ ಸೈನ್ಯದ ಜೈನ ಅಧಿಕಾರಿಯೊಬ್ಬನು ತನ್ನ ಡೇರೆಯಲ್ಲಿ ಜಿನಬಿಂಬವನ್ನಿಟ್ಟು ಪೂಜಿಸುತ್ತಿದ್ದನೆಂದೂ ಅದೇ ಮುಂದೆ ಮಂದಿರವಾಯಿತೆಂದೂ ಪರಂಪರೆ ಹೇಳುತ್ತದೆ. ಕನ್ನಡ ನಾಡಿನ ಸಾಕ್ಷ್ಯ ಇನ್ನೂ ದೊಡ್ಡದು. ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿ ಮಾತ್ರವಲ್ಲ, ದಂಡನಾಯಕ. ಸಮರಪರಶುರಾಮ, ವೀರಮಾರ್ತಂಡ ಎಂಬವು ಅವನ ಬಿರುದುಗಳು. ಅದೇ ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದ ಗಂಗರಾಜನು ಹೊಯ್ಸಳ ವಿಷ್ಣುವರ್ಧನನ ಸೇನಾಪತಿ. ಅನೇಕ ಯುದ್ಧಗಳನ್ನು ಗೆದ್ದ ಗಂಗ ಮಾರಸಿಂಹನು ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹ ಬಿಟ್ಟನು. ಅವನ ಸ್ಮಾರಕವಾಗಿ ನಿಂತಿರುವ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದಲ್ಲಿ ಗೆಲುವುಗಳ ಪಟ್ಟಿಯೂ ತ್ಯಾಗದ ವಾರ್ತೆಯೂ ಒಂದೇ ಕಲ್ಲಿನ ಮೇಲಿವೆ.

ವೀರಗಲ್ಲನ್ನೂ ನಿಸಿದಿಗೆಯನ್ನೂ ಅಕ್ಕಪಕ್ಕದಲ್ಲಿ ನೆಟ್ಟ ನಾಡು ನಮ್ಮದು. ಕಾದಿ ಸತ್ತವನಿಗೆ ಒಂದು ಕಲ್ಲು, ವ್ರತದಿಂದ ಸತ್ತವನಿಗೆ ಇನ್ನೊಂದು. ಎರಡರಲ್ಲಿಯೂ ಹೆಸರು ಬರೆಯಿಸಿದರು, ಆದರೆ ಎರಡನ್ನೂ ಒಂದೇ ಎಂದು ಯಾರೂ ಭ್ರಮಿಸಲಿಲ್ಲ. ಈ ವಿವೇಕವೇ ಇಂದು ಬೇಕಾಗಿರುವುದು.

ಶಾಸ್ತ್ರದ ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಎಣಿಸುವುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ತನ್ನನ್ನೂ ತನ್ನವರನ್ನೂ ನಾಡನ್ನೂ ಕಾಯುವಾಗ ಒದಗುವ ವಿರೋಧೀ ಹಿಂಸೆ ಅಣುವ್ರತಿಗೆ ಅನಿವಾರ್ಯವೆಂದು ಒಪ್ಪಿದೆ. ಆದರೆ ಅನಿವಾರ್ಯವಾದುದೆಲ್ಲವೂ ಪುಣ್ಯವಲ್ಲ. ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ, ರಣದಲ್ಲಿ ಸತ್ತವರೆಲ್ಲ ಸ್ವರ್ಗಕ್ಕೆ ಹೋಗುವರೆಂಬ ಲೋಕದ ಮಾತನ್ನು ಗೌತಮರು ಪ್ರಶ್ನೆಯಾಗಿ ಮುಂದಿಟ್ಟಾಗ ಭಗವಾನ್ ಮಹಾವೀರರು ಅದನ್ನು ಒಪ್ಪುವುದಿಲ್ಲ. ಅದೇ ಪ್ರಸಂಗದಲ್ಲಿ ವರುಣನೆಂಬ ಶ್ರಾವಕನ ಕಥೆ ಬರುತ್ತದೆ. ಅರಸನ ಆಜ್ಞೆಯಂತೆ ಅವನು ಯುದ್ಧಕ್ಕೆ ಹೋಗುತ್ತಾನೆ. ತನ್ನ ಮೇಲೆ ಮೊದಲು ಕೈಯೆತ್ತಿದವನನ್ನು ಹೊರತು ಇನ್ನಾರನ್ನೂ ಹೊಡೆಯೆನೆಂದು ವ್ರತ ತೊಡುತ್ತಾನೆ. ಮಾರಣಾಂತಿಕವಾಗಿ ಗಾಯಗೊಂಡ ಮೇಲೆ ರಣದಿಂದ ಸರಿದು, ಆಲೋಚನೆ ಪ್ರತಿಕ್ರಮಣಗಳನ್ನು ಮಾಡಿ, ಸಮಾಧಿಮರಣವನ್ನು ಪಡೆಯುತ್ತಾನೆ. ಅವನ ಸದ್ಗತಿಗೆ ಕಾರಣ ಅವನ ವ್ರತ, ಅವನು ಹೂಡಿದ ಬಾಣವಲ್ಲ.

ಆದುದರಿಂದ ಯುದ್ಧಸ್ಮಾರಕದ ಮುಂದೆ ಜೈನನು ಯುದ್ಧವನ್ನು ಪೂಜಿಸಲಾರನು. ಹಾಗಾದರೆ ಅಲ್ಲಿ ಅವನು ಮಾಡಬೇಕಾದುದೇನು? ಲೆಕ್ಕ ಓದಬೇಕು. ಸ್ಮಾರಕವೆಂಬುದು ಒಂದು ದೇಶವು ತಾನು ಕಳೆದುಕೊಂಡುದನ್ನು ಬರೆದಿಟ್ಟ ಖಾತೆ. ಬರೆದವರು ಯಾರು, ಯಾವುದನ್ನು ಸೇರಿಸಿದರು, ಯಾವುದನ್ನು ಬಿಟ್ಟರು ಎಂದು ನೋಡುತ್ತ ಓದಿದರೆ ಆ ಕಲ್ಲುಗಳು ಸುಮ್ಮನಿರುವುದಿಲ್ಲ.

ತೀನ್ ಮೂರ್ತಿಯಿಂದ ಆರಂಭಿಸಬಹುದು. ಕನ್ನಡಿಗರು ಕಾರಿನಲ್ಲಿ ದಿನವೂ ಸುತ್ತಿ ಹೋಗುವ ಆ ವೃತ್ತದ ಮೂರು ಕಂಚಿನ ಯೋಧರು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳ ಪ್ರತಿನಿಧಿಗಳು. ಲೆನರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ ರೂಪಿಸಿದ ಈ ಸ್ಮಾರಕ 1922ರದು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಭರ್ಜಿ ಹಿಡಿದು ಕುದುರೆಗಳ ಮೇಲೆ ನುಗ್ಗಿ, ಮೆಷಿನ್ ಗನ್ನುಗಳೂ ಫಿರಂಗಿಗಳೂ ಕಾಯುತ್ತಿದ್ದ ಹೈಫಾ ಪಟ್ಟಣವನ್ನು ತುರ್ಕರಿಂದ ವಶಪಡಿಸಿಕೊಂಡರು. ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಹತ್ತಿ ಅಲ್ಲಿನ ಫಿರಂಗಿಗಳನ್ನು ಹಿಡಿದವರಲ್ಲಿ ಮೈಸೂರಿನ ಸವಾರರಿದ್ದರು. ಸೆರೆ ಸಿಕ್ಕವರು 1,350 ಮಂದಿ. ಆ ದಿನ ಈ ಕಡೆ ಮಡಿದವರು 8, ಗಾಯಗೊಂಡವರು 34. ಮೈಸೂರು ದಳದಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವಿದೆ. ದಳವೇ 1953ರಲ್ಲಿ ಭಾರತೀಯ ಸೇನೆಯ 61ನೆಯ ಕ್ಯಾವಲ್ರಿಯಲ್ಲಿ ಲೀನವಾಯಿತು.

ಇದಿಷ್ಟು ಶಾಲೆಯ ಪುಸ್ತಕದಲ್ಲೂ ಸಿಗಬಹುದು. ಜೈನನ ಕಣ್ಣಿಗೆ ಬೀಳಬೇಕಾದ ಸಂಖ್ಯೆ ಇನ್ನೊಂದಿದೆ. ಅದೇ ಕಾಳಗದಲ್ಲಿ 60 ಕುದುರೆಗಳು ಸತ್ತವು, 83 ಗಾಯಗೊಂಡವು. ಅಶ್ವದಳದ ಸ್ಮಾರಕವಾದರೂ ತೀನ್ ಮೂರ್ತಿಯಲ್ಲಿ ಕುದುರೆಯಿಲ್ಲ. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಪಂಚೇಂದ್ರಿಯ ಜೀವಿಗಳ ಈ ಸಾವನ್ನು ಬ್ರಿಟಿಷರ ಕಲ್ಲು ಎಣಿಸಲಿಲ್ಲ. ಆದರೆ ಅದಕ್ಕಿಂತ ಸಾವಿರ ವರ್ಷ ಹಿಂದೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಎಣಿಸಿತ್ತು. ತಕ್ಕೋಲದ ಯುದ್ಧದ ವಾರ್ತೆಯನ್ನು ಹೇಳುವ ಆ ಶಾಸನವನ್ನು ನೆಡಿಸಿದುದು, ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗಾಗಿ. ರಾಷ್ಟ್ರಕೂಟ ಚಕ್ರವರ್ತಿಯ ಹೆಸರಿರುವ ಕಲ್ಲಿನಲ್ಲೇ ನಾಯಿಯ ಹೆಸರೂ ಇದೆ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರಿಗೆ ಹೋದಾಗ ಮಕ್ಕಳಿಗೆ ಅದನ್ನು ತೋರಿಸಿ, ದೆಹಲಿಗೆ ಬಂದು ತೀನ್ ಮೂರ್ತಿಯನ್ನು ತೋರಿಸಿದರೆ, ಯಾರ ಸಾವು ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ಉತ್ತರ ದೆಹಲಿಯ ರಿಡ್ಜಿನ ಮೇಲಿರುವ ಸ್ಮಾರಕ ಇನ್ನೊಂದು ಪಾಠ ಹೇಳುತ್ತದೆ. 1857ರಲ್ಲಿ ದೆಹಲಿಯನ್ನು ಮತ್ತೆ ಹಿಡಿಯಲು ಹೋರಾಡಿ ಸತ್ತ ಕಂಪನಿಯ ಸೈನಿಕರಿಗಾಗಿ 1863ರಲ್ಲಿ ಕಟ್ಟಿದ ಗೋಪುರವದು. ಸತ್ತವರ, ಗಾಯಗೊಂಡವರ ಲೆಕ್ಕವನ್ನು ಯುರೋಪಿಯನರು, ದೇಶೀಯರು ಎಂದು ಬೇರೆಬೇರೆಯಾಗಿ ಕೆತ್ತಿದ್ದಾರೆ. ಆ ಕಲ್ಲಿನಲ್ಲಿ ಶತ್ರು ಎಂದು ಕರೆಯಲಾದವರು ಈ ದೇಶದ ಸಿಪಾಯಿಗಳು. ಸ್ವಾತಂತ್ರ್ಯದ 25ನೆಯ ವರ್ಷವಾದ 1972ರಲ್ಲಿ ಸರ್ಕಾರವು ಗೋಪುರವನ್ನು ಕೆಡವಲಿಲ್ಲ. ಅಜೀತ್‌ಗಢವೆಂದು ಹೆಸರಿಟ್ಟು, ಇಲ್ಲಿ ಶತ್ರುಗಳೆಂದು ಬರೆಯಲಾದವರು ವಿದೇಶೀ ಆಳ್ವಿಕೆಯ ವಿರುದ್ಧ ಎದ್ದ ಹುತಾತ್ಮರೆಂಬ ಹೊಸ ಫಲಕವನ್ನು ಹಾಕಿತು. ಹಳೆಯ ನಮೂದನ್ನು ಅಳಿಸದೆ ಅದರ ಕೆಳಗೆ ತಿದ್ದುಪಡಿ ಬರೆಯುವುದು ಪ್ರಾಮಾಣಿಕ ಲೆಕ್ಕದ ಕ್ರಮ. ಒಂದೇ ವಸ್ತುವಿಗೆ ಹಲವು ಮುಖಗಳೆಂಬ ಅನೇಕಾಂತವನ್ನು ಪ್ರವಚನದಲ್ಲಿ ಗಂಟೆಗಟ್ಟಲೆ ಕೇಳುವ ಸಮಾಜಕ್ಕೆ ಅದರ ಕಲ್ಲಿನ ಉದಾಹರಣೆ ಇಲ್ಲಿದೆ. ಸುರಪುರದ ವೆಂಕಟಪ್ಪ ನಾಯಕ, ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ, ಹಲಗಲಿಯ ಬೇಡರು ಎದ್ದ ಕಾಲವೂ ಅದೇ ಎಂಬುದನ್ನು ಕನ್ನಡ ಮನೆಗಳು ಅಲ್ಲಿ ನಿಂತು ನೆನೆಯಬಹುದು.

ಜನಕಪುರಿಗೆ ಇವೆಲ್ಲಕ್ಕಿಂತ ಹತ್ತಿರವಿರುವುದು ದೆಹಲಿ ದಂಡುಪ್ರದೇಶ. ಅಲ್ಲಿ ಬ್ರಾರ್ ಸ್ಕ್ವೇರಿನ ಬಳಿಯ ಯುದ್ಧ ಸಮಾಧಿಭೂಮಿಯನ್ನು 1951ರಲ್ಲಿ ರೂಪಿಸಲಾಯಿತು. ಅಲಹಾಬಾದ್, ಕಾನ್ಪುರ, ಡೆಹ್ರಾಡೂನ್, ಲಖನೌಗಳ ಸಮಾಧಿಗಳನ್ನು ಇಲ್ಲಿಗೆ ತಂದರು. ಎರಡನೆಯ ಮಹಾಯುದ್ಧದ ಸಾವಿರಕ್ಕೂ ಹೆಚ್ಚು ಸಮಾಧಿಗಳು ಅಲ್ಲಿವೆ. ಹುಲ್ಲಿನ ಮೇಲೆ ಒಂದೇ ಎತ್ತರದ ಕಲ್ಲುಗಳು; ಅಧಿಕಾರಿಗೂ ಸಿಪಾಯಿಗೂ ಭೇದವಿಲ್ಲ. ಆ ಯುದ್ಧದಲ್ಲಿ ಮಡಿದ ಅವಿಭಜಿತ ಭಾರತದ 25 ಸಾವಿರಕ್ಕೂ ಹೆಚ್ಚು ಯೋಧರ ಸ್ಮರಣೆಯನ್ನು ಈ ಸ್ಥಳವೂ ಕರಾಚಿಯ ಸ್ಮಾರಕವೂ ಹಂಚಿಕೊಂಡಿವೆ. ದೇಶ ಎರಡಾದರೂ ಸತ್ತವರ ಪಟ್ಟಿಯನ್ನು ಎರಡು ಮಾಡಲಾಗಲಿಲ್ಲ. ಪಕ್ಕದ ಪಾಲಂನಲ್ಲಿ ವಾಯುಪಡೆಯ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆಯಬೇಕು. 1965ರ ಸೆಪ್ಟೆಂಬರ್ 7ರಂದು ಸರಗೋಧಾ ದಾಳಿಯಿಂದ ಅವರು ಹಿಂದಿರುಗಲಿಲ್ಲ. ತಮಗಿಂತ ವೇಗದ ವಿಮಾನವನ್ನು ಎದುರಿಸಿ ಉರುಳಿಸಿದರೆಂಬುದು ತಡವಾಗಿ ತಿಳಿದುಬಂದು, ಮಹಾವೀರ ಚಕ್ರ ಘೋಷಣೆಯಾದುದು 1988ರಲ್ಲಿ. ಒಂದು ಹೆಸರು ಖಾತೆಗೆ ಸೇರಲು 23 ವರ್ಷ ಬೇಕಾಯಿತು.

ಇನ್ನು ರಾಷ್ಟ್ರೀಯ ಯುದ್ಧಸ್ಮಾರಕ. ಸ್ವಾತಂತ್ರ್ಯ ಬಂದು ಏಳು ದಶಕ ಕಳೆದ ಮೇಲೆ, 2019ರ ಫೆಬ್ರುವರಿ 25ರಂದು ಅದು ಉದ್ಘಾಟನೆಗೊಂಡಿತು. ಅಮರ, ವೀರತಾ, ತ್ಯಾಗ, ರಕ್ಷಕ ಎಂಬ ನಾಲ್ಕು ಚಕ್ರಗಳು. ತ್ಯಾಗಚಕ್ರದ ಗ್ರಾನೈಟ್ ಫಲಕಗಳಲ್ಲಿ ಮೊದಲ ದಿನ ಇದ್ದ ಹೆಸರುಗಳು 25,942. 1947ರ ಕಾಶ್ಮೀರದಿಂದ ಸಿಯಾಚಿನ್, ಶ್ರೀಲಂಕಾ, ಕಾರ್ಗಿಲ್‌ಗಳವರೆಗೆ ಸತ್ತವರವು. ಇಂಡಿಯಾ ಗೇಟಿನೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅದು ಮೊದಲ ಮಹಾಯುದ್ಧದ 70 ಸಾವಿರಕ್ಕೂ ಹೆಚ್ಚು ಭಾರತೀಯರ ಸ್ಮಾರಕವಾದರೂ ಗೋಡೆಯ ಮೇಲಿರುವ ಹೆಸರುಗಳು 13 ಸಾವಿರದ ಆಸುಪಾಸು. ಉಳಿದವರು ಆ ಕಮಾನಿನಲ್ಲಿ ಬರಿಯ ಸಂಖ್ಯೆ. ತ್ಯಾಗಚಕ್ರದಲ್ಲಿ ಸಿಪಾಯಿಯ ಹೆಸರೂ ಕರ್ನಲ್ ಹೆಸರೂ ಒಂದೇ ಅಳತೆಯ ಕಲ್ಲಿನಲ್ಲಿವೆ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನಗಳ ನಂತರ ಜೀವಂತವಾಗಿ ಸಿಕ್ಕವರು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಫೆಬ್ರುವರಿ 11ರಂದು ಅವರು ಕೊನೆಯುಸಿರೆಳೆದುದು ಇದೇ ದೆಹಲಿ ದಂಡಿನ ಸೇನಾ ಆಸ್ಪತ್ರೆಯಲ್ಲಿ, ಜನಕಪುರಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ಅಲ್ಲಿ ಅವರನ್ನು ಕೊಂದುದು ಶತ್ರುವಿನ ಗುಂಡಲ್ಲ, ಹಿಮ. ವೀರತ್ವವೆಂದರೆ ಕೊಲ್ಲುವುದು ಎಂದುಕೊಂಡಿರುವ ಮಕ್ಕಳಿಗೆ ಈ ಸಾವಿನ ವಿವರ ತಿಳಿಯಬೇಕು. ವ್ಯಾಪಾರಕ್ಕೂ ಲೇವಾದೇವಿಗೂ ವಿದ್ಯೆಗೂ ನಿರ್ಭಯವಾದ ದಾರಿಗಳನ್ನು ಬಳಸುವ ಸಮಾಜವು, ಆ ದಾರಿಗಳನ್ನು ಕಾಯಲು ರೈತರ ಮಕ್ಕಳು ಹಿಮದಲ್ಲಿ ನಿಂತಿದ್ದರೆಂಬ ಋಣವನ್ನು ಒಪ್ಪಿಕೊಳ್ಳಲು ಅಹಿಂಸೆ ಅಡ್ಡಬರುವುದಿಲ್ಲ.

ಜೈನರಿಗೆ ಅತ್ಯಂತ ಪ್ರಿಯವಾದ ಯುದ್ಧಕಥೆಯನ್ನು ಇಲ್ಲಿ ನೆನೆಯಬೇಕು. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾಗಿ ನಿಂತಾಗ ಎರಡೂ ಕಡೆಯ ಮಂತ್ರಿಗಳು ಯೋಚಿಸಿದುದನ್ನು ಜಿನಸೇನಾಚಾರ್ಯರ ಪುರಾಣ ಹೇಳುತ್ತದೆ: ಈ ಅಣ್ಣತಮ್ಮಂದಿರು ಚರಮಶರೀರಿಗಳು, ಇವರಿಗೇನೂ ಆಗುವುದಿಲ್ಲ, ಸಾಯುವವರು ಸೈನಿಕರು. ಆದುದರಿಂದ ಇವರಿಬ್ಬರೇ ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಇತ್ಯರ್ಥ ಮಾಡಿಕೊಳ್ಳಲಿ. ವಿಂಧ್ಯಗಿರಿಯ ಮೂರ್ತಿಯ ಹಿಂದೆ, ಸಾಯದೆ ಉಳಿದ ಆ ಸೈನಿಕರೆಲ್ಲರೂ ಇದ್ದಾರೆ. ಕಾಳಗವನ್ನು ನಿರ್ಧರಿಸುವವರು ಬೇರೆ, ಕಲ್ಲಿನ ಮೇಲೆ ಹೆಸರಾಗುವವರು ಬೇರೆ ಎಂಬ ಆ ಮಂತ್ರಿಗಳ ಮಾತು ತ್ಯಾಗಚಕ್ರದ ಗೋಡೆಯ ಮುಂದೆ ನಿಂತಾಗ ಪುರಾಣವಾಗಿ ಕೇಳಿಸುವುದಿಲ್ಲ.

ಇಲ್ಲಿಯೇ ರಾಜಕಾರಣದ ಪ್ರಶ್ನೆ ಏಳುತ್ತದೆ. 1972ರಿಂದ ಇಂಡಿಯಾ ಗೇಟಿನ ಅಡಿ ಉರಿಯುತ್ತಿದ್ದ ಅಮರ ಜವಾನ್ ಜ್ಯೋತಿಯನ್ನು 2022ರ ಜನವರಿ 21ರಂದು ಹೊಸ ಸ್ಮಾರಕದ ಜ್ಯೋತಿಯಲ್ಲಿ ವಿಲೀನಗೊಳಿಸಿದಾಗ, ಆರಿಸಿದರು ಎಂದವರೂ ಸೇರಿಸಿದರು ಎಂದವರೂ ತಮ್ಮತಮ್ಮ ಪಕ್ಷದ ಧ್ವನಿಯಲ್ಲೇ ಮಾತನಾಡಿದರು. 2018ರಲ್ಲಿ ಇಸ್ರೇಲಿನ ಪ್ರಧಾನಿ ಬಂದಾಗ ತೀನ್ ಮೂರ್ತಿ ಚೌಕಕ್ಕೆ ಹೈಫಾ ಹೆಸರು ಸೇರಿತು; ಮೈಸೂರಿನ ಸವಾರರು ನೂರು ವರ್ಷಗಳ ನಂತರ ಹೊಸ ಕಾಲದ ರಾಜತಂತ್ರಕ್ಕೆ ಒದಗಿದರು. ಸ್ಮಾರಕಗಳನ್ನು ಆಳುವವರು ಬಳಸಿಕೊಳ್ಳುವುದು ಹೊಸತಲ್ಲ, ಒಂದೇ ಪಕ್ಷದ ಚಾಳಿಯೂ ಅಲ್ಲ. ಆದರೆ ಜೈನ ಸಮಾಜವು ತನ್ನ ಬಸ್ಸು, ಬ್ಯಾನರುಗಳೊಡನೆ ಆ ಬಳಕೆಗೆ ಗುಂಪು ಒದಗಿಸಬೇಕಾಗಿಲ್ಲ. ದೇಶಭಕ್ತಿಯ ಪ್ರಮಾಣಪತ್ರವನ್ನು ಯಾರ ಕೈಯಿಂದಲೂ ಪಡೆಯುವ ಅಗತ್ಯ ಚಾವುಂಡರಾಯನ ವಂಶದವರೆಂದು ಹೇಳಿಕೊಳ್ಳುವವರಿಗೆ ಇರಬಾರದು. ಯುದ್ಧದ ಕೂಗು ಎದ್ದಾಗ, ಇದು ತಪ್ಪಿಸಲಾರದ ವಿರೋಧೀ ಹಿಂಸೆಯೋ, ತಪ್ಪಿಸಬಹುದಾದ ಸಂಕಲ್ಪೀ ಹಿಂಸೆಯೋ ಎಂದು ಕೇಳುವುದು ಶ್ರಾವಕನಿಗೂ ನಾಗರಿಕನಿಗೂ ಸಮಾನವಾದ ಕರ್ತವ್ಯ. ಹೆಸರುಗಳ ಗೋಡೆಯನ್ನು ಓದಿದವನು ಆ ಪ್ರಶ್ನೆಯನ್ನು ಹಗುರವಾಗಿ ಕೇಳಲಾರನು.

ಸ್ಮಾರಕಗಳಿಗೆ ಕರೆದೊಯ್ದರೆ ಮಕ್ಕಳು ಬಂದೂಕಿಗೆ ಮರುಳಾಗುತ್ತಾರೆಂಬ ಆಕ್ಷೇಪವೊಂದುಂಟು. ಮಕ್ಕಳು ಮೊಬೈಲಿನ ಆಟಗಳಲ್ಲಿ ದಿನಕ್ಕೆ ನೂರು ಜನರನ್ನು ಕೊಲ್ಲುತ್ತಿದ್ದಾರೆ. ಅಲ್ಲಿ ಸತ್ತವನಿಗೆ ಹೆಸರಿಲ್ಲ, ಊರಿಲ್ಲ, ತಾಯಿಯಿಲ್ಲ. ಹೆಸರಿರುವ ಸಾವನ್ನು ತೋರಿಸುವುದೇ ಅದಕ್ಕೆ ಮದ್ದು. ವಿದೇಶದಲ್ಲಿರುವ ಕುಟುಂಬಗಳಿಗೂ ದಾರಿಗಳಿವೆ. ವಾಷಿಂಗ್ಟನ್‌ನಲ್ಲಿ 1982ರಲ್ಲಿ ನಿಂತ ವಿಯೆಟ್ನಾಂ ಸ್ಮಾರಕದ ಕಪ್ಪು ಕಲ್ಲಿನಲ್ಲಿ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಜಪಾನಿನ ಓಕಿನಾವಾದಲ್ಲಿ 1995ರಲ್ಲಿ ಸ್ಥಾಪಿಸಿದ ಶಾಂತಿಯ ಶಿಲೆಗಳ ಮೇಲೆ ಜಪಾನೀಯರು, ಅಮೆರಿಕನರು, ಸೈನಿಕರು, ನಾಗರಿಕರು ಎನ್ನದೆ ಆ ಯುದ್ಧದಲ್ಲಿ ಸತ್ತ 2 ಲಕ್ಷ 40 ಸಾವಿರಕ್ಕೂ ಹೆಚ್ಚು ಜನರ ಹೆಸರನ್ನು ಬರೆದಿದ್ದಾರೆ. ಜೈನ ಮನಸ್ಸು ಒಪ್ಪುವ ಯುದ್ಧಸ್ಮಾರಕ ಎಲ್ಲಿಯಾದರೂ ಇದ್ದರೆ ಅದು ಅಲ್ಲಿದೆ.

ಸಮಾಜದ ಸಂಘಗಳು ಮಾಡಬಹುದಾದುದು ದೊಡ್ಡದೇನಲ್ಲ. ವರ್ಷಕ್ಕೊಮ್ಮೆ, ಕ್ಷಮಾವಣಿಯ ನಂತರದ ಒಂದು ಭಾನುವಾರ, ತೀರ್ಥಯಾತ್ರೆಯಷ್ಟೇ ಶ್ರದ್ಧೆಯಿಂದ ಸ್ಮಾರಕದರ್ಶನ ನಡೆಯಲಿ. ಜನಕಪುರಿಯಿಂದ ಬ್ಲೂ ಲೈನ್ ಮೆಟ್ರೋ ಹಿಡಿದು ಸುಪ್ರೀಂ ಕೋರ್ಟ್ ನಿಲ್ದಾಣದಲ್ಲಿ ಇಳಿದರೆ ಯುದ್ಧಸ್ಮಾರಕ ಸಮೀಪ; ಪ್ರವೇಶಶುಲ್ಕವಿಲ್ಲ. ಪ್ರತಿಯೊಂದು ಕುಟುಂಬವೂ ತನ್ನ ಜಿಲ್ಲೆಯ ಒಬ್ಬ ಯೋಧನ ವೃತ್ತಾಂತವನ್ನು ಮೊದಲೇ ಓದಿಕೊಂಡು ಹೋಗಲಿ. ಆ ಹೆಸರನ್ನು ಗೋಡೆಯಲ್ಲಿ ಮಕ್ಕಳೇ ಹುಡುಕಲಿ. ಘೋಷಣೆ, ಪಕ್ಷದ ಶಾಲು, ಭಾಷಣಗಳು ಬೇಡ. ಣಮೋಕಾರವನ್ನು ಮನಸ್ಸಿನಲ್ಲೇ ಜಪಿಸಿ, ಈ ಕಡೆಯವರು, ಆ ಕಡೆಯವರು, ಮೂಕಪ್ರಾಣಿಗಳು, ಎಲ್ಲ ಜೀವಗಳಲ್ಲಿಯೂ ಕ್ಷಮೆ ಬೇಡುವ ಎರಡು ನಿಮಿಷದ ಮೌನ ಸಾಕು.

ಮೌನದ ಜೊತೆಗೆ ಹಣದ ಮಾತೂ ಬರಬೇಕು. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದು ಬಂದಿರುವ ಈ ದಿನದ ನಿಧಿಯು ಮಡಿದವರ ಕುಟುಂಬಗಳಿಗೂ ಅಂಗವಿಕಲರಾದ ಯೋಧರಿಗೂ ನೆರವಾಗುತ್ತದೆ. ಅಭಿಷೇಕದ ಸವಾಲಿನಲ್ಲಿ ಒಂದು ಕಲಶಕ್ಕೆ ಲಕ್ಷ ಕೂಗುವ ಕೈಗಳು ಈ ನಿಧಿಗೂ ಚಾಚಲಿ. ದೇವದ್ರವ್ಯವನ್ನು ಮುಟ್ಟುವುದು ಬೇಡ. ಟ್ರಸ್ಟ್ ಪತ್ರದ ಉದ್ದೇಶಗಳಲ್ಲಿ ಅವಕಾಶವಿದೆಯೇ ಎಂದು ನೋಡಿ, ಸಭೆಯಲ್ಲಿ ಠರಾವು ಬರೆದು, ಪ್ರತ್ಯೇಕ ಖಾತೆಯಲ್ಲಿ ಸಂಗ್ರಹಿಸಿ, ರಸೀದಿಯನ್ನು ಲೆಕ್ಕಪರಿಶೋಧನೆಗೆ ಒಪ್ಪಿಸಲಿ. ಕೊಟ್ಟವರ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಅಭ್ಯಾಸವನ್ನು ಈ ಒಂದು ದಾನದಲ್ಲಾದರೂ ಬಿಡಲಿ. ಇಲ್ಲಿ ಕಲ್ಲಿನ ಮೇಲೆ ಬರಬೇಕಾದ ಹೆಸರುಗಳು ಈಗಾಗಲೇ ಬಂದಿವೆ.

ಆ ಹೆಸರುಗಳ ಸಂಖ್ಯೆ ಪ್ರತಿವರ್ಷವೂ ಏರುತ್ತಿದೆ. ಅದು ಏರದೆ ನಿಂತ ವರ್ಷವೇ ಸ್ಮಾರಕಕ್ಕೆ ಸಲ್ಲುವ ನಿಜವಾದ ಗೌರವ. ಆ ವರ್ಷವನ್ನು ಹಾರೈಸುವ ಅಧಿಕಾರವೂ ಅದಕ್ಕಾಗಿ ದನಿಯೆತ್ತುವ ಹೊಣೆಯೂ ಬಾಹುಬಲಿಯ ಪಾದಕ್ಕೆರಗುವ ಸಮಾಜಕ್ಕೆ ಎಲ್ಲರಿಗಿಂತ ಮೊದಲು ಇದೆ.